ಗಾಂಜಾದ ವಿಷಯದಲ್ಲಿ ನಂಬತಕ್ಕ ಮಾತು ಯಾವುದು?

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಗಾಂಜಾದ ಹೆಸರನ್ನು ಕಂಡು ನಮ್ಮ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಇಲ್ಲಿ ಓದಿ ಹೋದ ಸೋದರಿಯರು ಹಳೆಯ ಗುರುಗಳ ನೆನಪನ್ನೂ ಬಾವಿಯ ಬಳಿಯ ಹುಣಿಸೇಮರದ ಚಿತ್ರವನ್ನೂ ಇಲ್ಲಿ ಹುಡುಕುವರೆಂದು ನಾವು ಬಲ್ಲೆವು. ಆದಾಗ್ಯೂ ಈ ಪಾಠವನ್ನು ಬರೆಯುವುದಕ್ಕೆ ನಮಗೆ ಕಾರಣವುಂಟು. ನಾವು ಒಮ್ಮೆ ತಪ್ಪಾಗಿ ಕಲಿಸಿದೆವು; ಅದರ ಸಾಲವನ್ನು ಇನ್ನೊಬ್ಬರು ತೀರಿಸಬೇಕಾಗಿ ಬಂತು.

ಬಹಳ ವರುಷಗಳ ಕೆಳಗೆ ಒಂದು ಬೆಳಿಗ್ಗೆ ಪ್ರಾರ್ಥನೆಯಾದ ತರುವಾಯ ಮಾದಕ ವಸ್ತುಗಳ ಕೇಡನ್ನು ಕುರಿತು ಸಭೆಯಲ್ಲಿ ಮಾತನಾಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಮಾತಿನ ಭರದಲ್ಲಿ, “ಗಾಂಜಾವನ್ನು ಒಂದೇ ಒಂದು ಸಾರಿ ಸೇದಿದವನಿಗೂ ಹುಚ್ಚು ಹಿಡಿಯುವುದು ಖಂಡಿತ” ಎಂದುಬಿಟ್ಟೆವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, “ಟೀಚರ್, ಇದನ್ನು ಯಾರು ಲೆಕ್ಕ ಮಾಡಿದರು?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಅಧಿಕಪ್ರಸಂಗ ಮಾಡಬೇಡವೆಂದು ಗದರಿಸಿ ಅವಳನ್ನು ಕೂರಿಸಿದೆವು.

ಆ ದಿನ ಅದೇ ಸಭೆಯಲ್ಲಿ ಕುಳಿತಿದ್ದ ಇನ್ನೊಬ್ಬ ವಿದ್ಯಾರ್ಥಿನಿ ಈಚೆಗೆ ನಮ್ಮನ್ನು ಕಾಣಲು ಬಂದಳು. ಈಗ ಆಕೆ ತಾಯಿ. ಮಗನು ಪಟ್ಟಣದ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಾನೆ. ರಜೆಯಲ್ಲಿ ಅವನು ತಂದ ಬಟ್ಟೆಗಳನ್ನು ಒಗೆಯಲು ಹಾಕುವಾಗ ಆಕೆಗೆ ಜೇಬಿನಲ್ಲಿ ಗಾಂಜಾದ ಪೊಟ್ಟಣವು ಸಿಕ್ಕಿತು. ದಿಗಿಲುಗೊಂಡ ಆಕೆ ನಮ್ಮಿಂದ ಕಲಿತ ಮಾತನ್ನೇ ಅವನಿಗೆ ಹೇಳಿದಳು. ಹುಡುಗನು ಸಮಾಧಾನದಿಂದಲೇ, “ಅಮ್ಮಾ, ನಮ್ಮ ಹಾಸ್ಟೆಲಿನಲ್ಲಿ ಎಂಟು ಮಂದಿ ಸೇದುತ್ತಾರೆ. ಯಾರಿಗೂ ಹುಚ್ಚು ಹಿಡಿದಿಲ್ಲ. ನಿನಗೆ ಅದನ್ನು ಹೇಳಿದವರು ಸುಳ್ಳು ಹೇಳಿದ್ದಾರೆ, ಮಿಕ್ಕದ್ದೂ ಸುಳ್ಳೇ ಇರಬೇಕು” ಎಂದನಂತೆ. ಅಷ್ಟೇ ಅಲ್ಲದೆ, ಗಾಂಜಾದಿಂದ ಅರ್ಬುದ ರೋಗವು ವಾಸಿಯಾಗುವುದೆಂಬ ಬರಹವನ್ನು ತನ್ನ ಮೊಬೈಲಿನಲ್ಲಿ ತೋರಿಸಿದನು. “ಟೀಚರ್, ಇವೆರಡರಲ್ಲಿ ನಿಜ ಯಾವುದು?” ಎಂದು ಆಕೆ ನಮ್ಮನ್ನು ಕೇಳಿದಳು.

ಎರಡೂ ನಿಜವಲ್ಲ. ಆದರೆ ಹಾಗೆಂದು ಹೇಳಿದರೆ ಸಾಲದು. ಈ ಮಾತಿಗೆ ಆಧಾರವೇನೆಂದು ಅವನು ಮತ್ತೆ ಕೇಳುವನಷ್ಟೆ. ಆದಕಾರಣ ನಾವು ಕೆಲವು ತಿಂಗಳು ಓದಿ ತಿಳಿದುಕೊಂಡದ್ದನ್ನು ಮಾತಾಪಿತೃಗಳ ಮುಂದೆ ಇಡುತ್ತೇವೆ.

ಮೊದಲು ವಸ್ತುವಿನ ಗುರುತು. ಭಂಗಿ, ಗಾಂಜಾ, ಚರಸ್ ಎಂಬ ಮೂರೂ ಒಂದೇ ಗಿಡದವು. ಎಲೆಯಿಂದ ಆಗುವುದು ಭಂಗಿ. ಹೆಣ್ಣು ಗಿಡದ ಹೂದೆನೆಯನ್ನು ಒಣಗಿಸಿದ್ದು ಗಾಂಜಾ. ಅದರ ಅಂಟು ರಾಳವು ಚರಸ್. ಗಂಡು ಗಿಡದ ಪರಾಗವು ಬಿದ್ದು ಬೀಜ ಕಟ್ಟಿದರೆ ಗಾಂಜಾದ ಗುಣವು ತಗ್ಗುವುದೆಂದು ಹಿಂದಿನ ಕಾಲದಲ್ಲಿ ಬಂಗಾಳದ ಬೆಳೆಗಾರರು ಗಂಡು ಗಿಡಗಳನ್ನು ಗುರುತಿಸಿ ಕೀಳುವುದಕ್ಕೆಂದೇ ನುರಿತವರನ್ನು ಕೂಲಿಗೆ ಕರೆಯುತ್ತಿದ್ದರು. ನಮ್ಮ ದೇಶದ ೧೯೮೫ನೆಯ ಇಸವಿಯ ಕಾನೂನು ಕೂಡ ಹೂದೆನೆಯನ್ನೂ ರಾಳವನ್ನೂ ನಿಷೇಧಿಸಿ, ಬರಿಯ ಎಲೆಯನ್ನು ಗಾಂಜಾದ ಲಕ್ಷಣದೊಳಗೆ ಸೇರಿಸಿಲ್ಲ. ಮತ್ತು ತರುವ ಮುಖ್ಯ ದ್ರವ್ಯವನ್ನು ೧೯೬೪ರಲ್ಲಿ ಇಸ್ರೇಲ್ ದೇಶದ ಗಾವೊನಿ ಮತ್ತು ಮೆಕೂಲಂ ಎಂಬ ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ಟಿ.ಎಚ್.ಸಿ. ಎಂದು ಸಂಕ್ಷೇಪ ನಾಮ. ಈ ದ್ರವ್ಯವು ಮಿದುಳಿನ ಯಾವ ಸ್ಥಾನಗಳಿಗೆ ಹೋಗಿ ಅಂಟುವುದೋ ಅದೇ ಸ್ಥಾನಗಳಿಗೆ ಅಂಟತಕ್ಕ ಒಂದು ವಸ್ತುವನ್ನು ನಮ್ಮ ದೇಹವು ತಾನಾಗಿಯೇ ತಯಾರಿಸುವುದೆಂದು ೧೯೯೨ರಲ್ಲಿ ಕಂಡುಬಂತು. ಅದಕ್ಕೆ ಸಂಸ್ಕೃತದ ‘ಆನಂದ’ ಶಬ್ದದಿಂದ ಆನಂದಮೈಡ್ ಎಂದು ಹೆಸರಿಟ್ಟರು.

ಇಷ್ಟನ್ನು ಹೇಳಿದ ಕಾರಣವೇನೆಂದರೆ, ‘ಗಾಂಜಾ’ ಎಂಬ ಒಂದೇ ಹೆಸರಿನೊಳಗೆ ಎಷ್ಟೋ ಬಗೆಯ ಬಲಾಬಲಗಳು ಅಡಗಿವೆ. ಅಮೇರಿಕ ದೇಶದಲ್ಲಿ ಸರಕಾರದವರು ವಶಪಡಿಸಿಕೊಂಡ ಗಾಂಜಾದಲ್ಲಿ ಟಿ.ಎಚ್.ಸಿ. ಪ್ರಮಾಣವು ೧೯೯೫ರಲ್ಲಿ ಸರಾಸರಿ ನೂರಕ್ಕೆ ೪ರಷ್ಟು ಇದ್ದು ೨೦೧೪ರ ಹೊತ್ತಿಗೆ ೧೨ಕ್ಕೆ ಏರಿತ್ತು. ಅಜ್ಜನ ಕಾಲದ ಬೈರಾಗಿಯು ಸೇದಿ ಎಂಬತ್ತು ವರುಷ ಬದುಕಿದನೆಂಬ ಕಥೆಯನ್ನು ಈ ಕಾಲದ ಹದಿನಾರರ ಹುಡುಗನಿಗೆ ಅನ್ವಯಿಸುವುದು ಎಷ್ಟರಮಟ್ಟಿಗೆ ಸರಿ? ಯಾವ ಗಾಂಜಾ, ಎಷ್ಟು ಬಲದ್ದು, ಎಷ್ಟು ಸಲ, ಯಾವ ವಯಸ್ಸಿನವನು ಎಂಬ ನಾಲ್ಕು ಸಂಗತಿಗಳನ್ನು ಹೇಳದ ಬರಹವು ಏನನ್ನೂ ಹೇಳಿದಂತಾಗುವುದಿಲ್ಲ.

ಇನ್ನು ಹುಚ್ಚಿನ ಮಾತು. ಇದು ನಾವು ಹುಟ್ಟಿಸಿದ ಮಾತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಂದುಸ್ಥಾನದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದಿದವರಿಂದ ತುಂಬಿಹೋಗಿವೆಯೆಂದು ಇಂಗ್ಲೆಂಡಿನಲ್ಲಿ ಕೂಗೆದ್ದು, ೧೮೯೩ರಲ್ಲಿ ಅಲ್ಲಿಯ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. ಅದೇ ವರುಷ ಸರಕಾರವು ಮ್ಯಾಕ್‌ವರ್ತ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಮಂಡಲಿಯನ್ನು ನೇಮಿಸಿತು. ಅದರಲ್ಲಿ ಮೂವರು ಹಿಂದೀಯ ಸದಸ್ಯರೂ ಇದ್ದರು. ೧೧೯೩ ಮಂದಿ ಸಾಕ್ಷಿಗಳಿಂದ ಹೇಳಿಕೆಯನ್ನು ಪಡೆದು ೧೮೯೪ರಲ್ಲಿ ಮಂಡಲಿಯವರು ವರದಿಯನ್ನು ಒಪ್ಪಿಸಿದರು.

ಈ ವರದಿಯಲ್ಲಿ ನಮಗೆ ಬಹು ರುಚಿಸಿದ ಭಾಗವು ಹುಚ್ಚಾಸ್ಪತ್ರೆಗಳ ದಫ್ತರುಗಳನ್ನು ಪರೀಕ್ಷಿಸಿದ್ದು. ೧೮೯೨ನೆಯ ಇಸವಿಯಲ್ಲಿ ಆಸ್ಪತ್ರೆಗಳಿಗೆ ಸೇರಿದವರು ೧೩೪೪ ಮಂದಿ. ಅವರಲ್ಲಿ ೨೨೨ ಮಂದಿಯ ಹುಚ್ಚಿಗೆ ಈ ಗಿಡದ ಪದಾರ್ಥಗಳೇ ಕಾರಣವೆಂದು ದಫ್ತರಿನಲ್ಲಿ ಬರೆದಿತ್ತು. ಅಚ್ಚಾದ ಲೆಕ್ಕವನ್ನು ಓದಿದವರಿಗೆ ಅನುಮಾನ ಬರುವುದೆಂತು? ಆದರೆ ಮಂಡಲಿಯವರು, ‘ಕಾರಣ’ ಎಂಬ ಆ ಅಂಕಣವನ್ನು ತುಂಬಿದವರಾರು ಎಂದು ವಿಚಾರಿಸಿದರು. ತುಂಬಿದವರು ವೈದ್ಯರಲ್ಲ. ಬೀದಿಯಲ್ಲಿ ಅಲೆಯುತ್ತಿದ್ದ ರೋಗಿಯನ್ನು ಹಿಡಿದು ತಂದ ಪೋಲೀಸಿನವರು ಮ್ಯಾಜಿಸ್ಟ್ರೇಟರ ಕಾಗದಕ್ಕೆ ಏನನ್ನು ಒದಗಿಸಿದರೋ ಆಸ್ಪತ್ರೆಯವರು ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಅಂಕಣವನ್ನು ಬರಿದಾಗಿ ಬಿಡಬಾರದಷ್ಟೆ! ಇವನು ಗಾಂಜಾ ಸೇದುತ್ತಿದ್ದನೆಂದು ಯಾರೋ ಒಬ್ಬರು ಹೇಳಿದರೆ ಸಾಕು, ‘ಗಾಂಜಾ’ ಎಂದು ಬರೆದಾಯಿತು. ಸೇದಿದ್ದರಿಂದ ಬುದ್ಧಿ ಕೆಟ್ಟಿತೋ, ಬುದ್ಧಿ ಕೆಡುತ್ತಿದ್ದುದರಿಂದ ಸೇದಹತ್ತಿದನೋ ಎಂದು ಕೇಳಿದವರಿಲ್ಲ.

ಮಂಡಲಿಯವರು ಒಂದೊಂದಾಗಿ ಆ ಪ್ರಕರಣಗಳನ್ನು ತಿರುಗಿ ವಿಚಾರಿಸಿದಾಗ ೨೨೨ರಲ್ಲಿ ನಿಂತದ್ದು ೯೮. ಆ ೯೮ರಲ್ಲಿಯೂ ೩೭ ಮಂದಿಗೆ ಬೇರೆ ಕಾರಣಗಳು ಕೂಡಿಕೊಂಡಿದ್ದವು. ಉಳಿದವರು ೬೧. ಆಗ ಆ ಹುಡುಗಿ ಎದ್ದು ಕೇಳಿದ ಪ್ರಶ್ನೆಯು ಇದೇ ಅಲ್ಲವೆ? ಅವಳು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಅದಕ್ಕೆ ಉತ್ತರವು ಅಚ್ಚಾಗಿತ್ತು. ನಾವು ಓದಿರಲಿಲ್ಲ, ಅಷ್ಟೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಆ ಸಂಪುಟಗಳ ಪುಟಪುಟವನ್ನೂ ಅಂತರ್ಜಾಲದಲ್ಲಿ ಧರ್ಮಾರ್ಥವಾಗಿ ತೆರೆದಿಟ್ಟಿದ್ದಾರೆ.

ಹೀಗೆಂದ ಮಾತ್ರಕ್ಕೆ ಈ ವರದಿಯನ್ನು ವೇದವಾಕ್ಯವೆಂದು ತಿಳಿಯಬಾರದು. ಮಿತವಾದ ಸೇವನೆಯಿಂದ ಹೆಚ್ಚಿನ ಕೇಡಿಲ್ಲವೆಂದು ಅದರಲ್ಲಿ ಹೇಳಿರುವುದನ್ನು ಗಾಂಜಾದ ಪಕ್ಷದವರು ಈಗಲೂ ಎತ್ತಿ ಆಡುತ್ತಾರೆ. ಅತಿಯಾದ ಸೇವನೆಯಿಂದ ಕೇಡುಂಟೆಂದೂ, ಬುದ್ಧಿವಿಕಲತೆಯ ಕಡೆಗೆ ಒಲವಿರುವವರಿಗೆ ಅದು ವಿಶೇಷವಾಗಿ ಅಪಾಯವೆಂದೂ ಅಲ್ಲಿಯೇ ಇರುವುದನ್ನು ನುಂಗಿಬಿಡುತ್ತಾರೆ. ಇದಲ್ಲದೆ, ಆ ಕಾಲದ ಸರಕಾರಕ್ಕೆ ಗಾಂಜಾದ ಅಬಕಾರಿಯಿಂದ ಹಣ ಬರುತ್ತಿತ್ತು. ಮಾತು ಹೇಳುವವನಿಗೆ ಲಾಭ ಯಾವುದರಲ್ಲಿದೆಯೆಂದು ನೋಡುವುದು ಸಂತೆಗೆ ಹೋಗುವ ಪ್ರತಿಯೊಬ್ಬ ಗೃಹಿಣಿಯೂ ಬಲ್ಲ ವಿದ್ಯೆ. ಈಗ ಕೆಲವು ದೇಶಗಳಲ್ಲಿ ಗಾಂಜಾವನ್ನು ಅಂಗಡಿಯಲ್ಲಿ ಮಾರುವ ದೊಡ್ಡ ಕಂಪನಿಗಳಿರುವುದರಿಂದ ಆ ವಿದ್ಯೆಯು ಇನ್ನೂ ಬೇಕಾಗಿದೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಮಂಡಲಿಯವರು ಸೇದುವವರನ್ನೂ ಸೇದದವರನ್ನೂ ಜೊತೆಯಲ್ಲಿಟ್ಟು ವರುಷಗಟ್ಟಲೆ ಹಿಂಬಾಲಿಸಿ ನೋಡಲಿಲ್ಲ.

ಆ ಕೆಲಸವು ನಡೆದದ್ದು ಸ್ವೀಡನ್ ದೇಶದಲ್ಲಿ. ೧೯೬೯-೭೦ರಲ್ಲಿ ಅಲ್ಲಿ ಸೈನ್ಯದ ಕಡ್ಡಾಯ ಸೇವೆಗೆ ಬಂದ ೪೫,೫೭೦ ಯುವಕರನ್ನು ಗಾಂಜಾದ ಅಭ್ಯಾಸವುಂಟೋ ಎಂದು ಕೇಳಿ ಬರೆದುಕೊಂಡರು. ಹದಿನೈದು ವರುಷಗಳ ವರೆಗೆ ಅವರಲ್ಲಿ ಯಾರಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗವು ಬಂತೆಂದು ಆಸ್ಪತ್ರೆಯ ದಾಖಲೆಗಳಿಂದ ನೋಡಿದರು. ಫಲಿತಾಂಶವು ೧೯೮೭ರಲ್ಲಿ ಪ್ರಕಟವಾಯಿತು. ಎಂದೂ ಸೇದದವರಲ್ಲಿ ರೋಗ ಬಂದವರು ಇನ್ನೂರಕ್ಕೆ ಒಬ್ಬರಂತೆ. ಐವತ್ತಕ್ಕಿಂತ ಹೆಚ್ಚು ಸಲ ಸೇದಿದ್ದವರು ೭೫೨ ಮಂದಿ. ಅವರಲ್ಲಿ ರೋಗ ಬಂದವರು ೨೧, ಅಂದರೆ ನೂರಕ್ಕೆ ಸುಮಾರು ಮೂವರು. ಅಪಾಯವು ಆರು ಪಟ್ಟು. ಸೇದುವುದಕ್ಕೆ ಮುಂಚೆಯೇ ಇದ್ದ ಮನಸ್ಸಿನ ತೊಂದರೆ ಮೊದಲಾದ ಬೇರೆ ಸಂಗತಿಗಳನ್ನು ಲೆಕ್ಕದಿಂದ ಕಳೆದಾಗ ಅದು ಎರಡು ಪಟ್ಟಿಗೆ ಸ್ವಲ್ಪ ಮೇಲೆ ನಿಂತಿತು.

ಈ ಅಂಕಿಗಳನ್ನು ಮಾತಾಪಿತೃಗಳು ನಿಧಾನವಾಗಿ ಇನ್ನೊಮ್ಮೆ ಓದಬೇಕೆಂದು ಬೇಡುತ್ತೇವೆ. ಐವತ್ತು ಸಲಕ್ಕೆ ಮೇಲೆ ಸೇದಿದವರಲ್ಲಿಯೂ ನೂರಕ್ಕೆ ತೊಂಬತ್ತೇಳು ಮಂದಿಗೆ ಆ ರೋಗವು ಬರಲಿಲ್ಲ. ಆದುದರಿಂದ ಒಂದು ಸಲ ಸೇದಿದವನಿಗೂ ಹುಚ್ಚು ಖಂಡಿತವೆಂಬ ನಮ್ಮ ಮಾತು ಸುಳ್ಳು. ಆದರೆ ಹಾಸ್ಟೆಲಿನ ಎಂಟು ಮಂದಿ ಸುಖವಾಗಿರುವುದರಿಂದ ಅಪಾಯವಿಲ್ಲವೆಂಬ ಹುಡುಗನ ಮಾತೂ ಅಷ್ಟೇ ಸುಳ್ಳು. ನೂರಕ್ಕೆ ಮೂವರಾದರೆ ಎಂಟಕ್ಕೆ ಕಾಲು ಮನುಷ್ಯನೂ ಆಗುವುದಿಲ್ಲ. ಎಂಟು ಮಂದಿಯನ್ನು ನೋಡಿ ಏನನ್ನೂ ಕಾಣಲಾಗದು, ಕಾಣದಿರುವುದೇ ಸಹಜ. ಇನ್ನೂರಕ್ಕೆ ಒಬ್ಬ ಮತ್ತು ನೂರಕ್ಕೆ ಮೂವರು ಎಂಬ ಭೇದವನ್ನು ಕಾಣಬೇಕಾದರೆ ಸಾವಿರಾರು ಮಂದಿಯನ್ನು ವರುಷಗಳ ಕಾಲ ನೋಡಬೇಕು. ವಿಜ್ಞಾನದ ಮಾತಿಗೂ ಕಂಡ ಕಥೆಗೂ ಇರುವ ಅಂತರವು ಇಲ್ಲಿದೆ. ಈ ಸಂಗತಿಯನ್ನು ಹೇಳಿದ ಮೇಲೆಯೇ ಆ ತಾಯಿಯ ಮುಖದಲ್ಲಿ ಮೊದಲ ಬಾರಿಗೆ ಸ್ವಲ್ಪ ತಿಳಿವು ಕಂಡಿತು.

ಎಳೆಯ ವಯಸ್ಸಿನ ಪ್ರಶ್ನೆಯು ಇನ್ನೂ ತೊಡಕಿನದು. ನ್ಯೂಜಿಲೆಂಡಿನ ಡನೀಡಿನ್ ಎಂಬ ಊರಿನಲ್ಲಿ ೧೯೭೨-೭೩ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತ ಬಂದಿದ್ದಾರೆ. ಹದಿನೈದು ತುಂಬುವುದರೊಳಗೆ ಸೇದಿದವರಲ್ಲಿ ನೂರಕ್ಕೆ ಹತ್ತು ಮಂದಿಗೆ ಇಪ್ಪತ್ತಾರನೆಯ ವಯಸ್ಸಿಗೆ ಸ್ಕಿಜೋಫ್ರೇನಿಯಾದ ಜಾತಿಯ ರೋಗವು ಕಂಡಿತೆಂದೂ, ಉಳಿದವರಲ್ಲಿ ನೂರಕ್ಕೆ ಮೂವರಿಗೆ ಕಂಡಿತೆಂದೂ ೨೦೦೨ರಲ್ಲಿ ಬರೆದರು. ಇದನ್ನು ಓದಿ ನಾವೂ ಬೆಚ್ಚಿದೆವು. ಆದರೆ ಅಷ್ಟು ಎಳೆಯದರಲ್ಲಿ ಸೇದಿದವರು ಅವರಲ್ಲಿ ೨೯ ಮಂದಿ ಮಾತ್ರ. ನೂರಕ್ಕೆ ಹತ್ತೆಂದರೆ ಮೂವರು ಮನುಷ್ಯರು. ಹನ್ನೊಂದನೆಯ ವಯಸ್ಸಿನಲ್ಲಿಯೇ ಕಂಡಿದ್ದ ಮನಸ್ಸಿನ ವಿಕಾರಗಳನ್ನು ಗಣನೆಗೆ ತಂದಾಗ ಆ ಅಂತರವು ಇನ್ನೂ ಇಳಿಯಿತೆಂದು ಬರೆದವರೇ ಒಪ್ಪಿಕೊಂಡರು. ಪ್ರಾಮಾಣಿಕವಾದ ಲೇಖನವು ತನ್ನ ಕೊರತೆಯನ್ನು ತಾನೇ ಹೇಳುವುದು; ಸುದ್ದಿಯ ತಲೆಬರಹವು ಅದನ್ನು ಬಿಟ್ಟುಬಿಡುವುದು. ಅದೇ ಊರಿನ ಮಕ್ಕಳಲ್ಲಿ ಎಳೆಯದರಿಂದ ಬಿಡದೆ ಸೇದಿದವರ ಬುದ್ಧಿಶಕ್ತಿಯ ಅಂಕವು ಸರಾಸರಿ ಎಂಟರಷ್ಟು ಇಳಿಯಿತೆಂದು ೨೦೧೨ರಲ್ಲಿ ಹೇಳಿದರು. ೨೦೧೬ರಲ್ಲಿ ಬೇರೆ ಪಂಡಿತರು ಒಬ್ಬರು ಸೇದುವ, ಒಬ್ಬರು ಸೇದದ ಅವಳಿ ಮಕ್ಕಳನ್ನು ಹೋಲಿಸಿ, ಅಂಥ ಭೇದವು ಕಾಣಲಿಲ್ಲವೆಂದರು. ಇಂಥ ಕಡೆ ಪಂಡಿತರ ಜಗಳ ಇನ್ನೂ ತೀರಿಲ್ಲವೆಂದು ಮಕ್ಕಳಿಗೆ ಹೇಳುವುದರಲ್ಲಿ ಅವಮಾನವೇನೂ ಇಲ್ಲ.

ಅರ್ಬುದ ರೋಗದ ಬರಹಕ್ಕೆ ಹೆಚ್ಚು ಮಾತು ಬೇಕಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ರೋಗಕಣಗಳನ್ನು ಈ ಗಿಡದ ದ್ರವ್ಯಗಳು ಕೊಂದದ್ದುಂಟು, ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿದ್ದೂ ಉಂಟು. ತಟ್ಟೆಯಲ್ಲಿ ಕೊಲ್ಲುವುದು ಬೇರೆ, ಮನುಷ್ಯನ ಮೈಯಲ್ಲಿ ವಾಸಿ ಮಾಡುವುದು ಬೇರೆ. ಅದಕ್ಕೆ ಪ್ರತಿಯಾಗಿ ಇದೇ ಗಿಡದ ಇನ್ನೊಂದು ದ್ರವ್ಯದ ಕಥೆಯನ್ನು ನೋಡಿರಿ. ಅಮಲು ಬರಿಸದ ಕ್ಯಾನಬಿಡಯಾಲ್ ಎಂಬುದನ್ನು ಡ್ರಾವೆ ಎಂಬ ಕಠಿಣವಾದ ಮೂರ್ಛೆರೋಗವಿದ್ದ ೧೨೦ ಮಕ್ಕಳಲ್ಲಿಯೂ ತರುಣರಲ್ಲಿಯೂ ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿ ಔಷಧ. ಯಾರಿಗೆ ಯಾವುದೆಂದು ತಾಯಂದಿರಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಔಷಧ ಪಡೆದವರಲ್ಲಿ ತಿಂಗಳಿಗೆ ೧೨ರಷ್ಟಿದ್ದ ಸೆಳವು ೬ಕ್ಕೆ ಇಳಿಯಿತು. ಹುಸಿ ಔಷಧದವರಲ್ಲಿ ೧೫ರಷ್ಟಿದ್ದದ್ದು ೧೪ರಲ್ಲಿ ನಿಂತಿತು. ಇದು ೨೦೧೭ರ ಮಾತು. ಮರುವರುಷ ಅಮೇರಿಕದ ಸರಕಾರವು ಆ ಔಷಧಕ್ಕೆ ಅನುಮತಿಯಿತ್ತಿತು. ಗಿಡದಲ್ಲಿ ಗುಣವಿಲ್ಲವೆಂದು ನಾವು ಹೇಳಲಾರೆವು. ಗುಣವನ್ನು ತೋರಿಸುವ ರೀತಿ ಇದು.

ಹಾಗಾದರೆ ಹುಡುಕುವುದೆಲ್ಲಿ? ಸಾವಿರಾರು ಲೇಖನಗಳನ್ನು ನಾವು ನೀವು ಓದಲಾಗದು. ಆದಕಾರಣ ಬಹುಮಂದಿ ಪಂಡಿತರು ಕೂಡಿ ತೂಕ ಮಾಡಿದ ವರದಿಗಳನ್ನು ಮೊದಲು ನೋಡತಕ್ಕದ್ದು. ಜಗತ್ತಿನ ಆರೋಗ್ಯ ಸಂಸ್ಥೆಯು ೨೦೧೬ರಲ್ಲಿ ಅಂಥದ್ದೊಂದನ್ನು ಪ್ರಕಟಿಸಿತು. ಅಮೇರಿಕದ ರಾಷ್ಟ್ರೀಯ ವಿಜ್ಞಾನ ಪರಿಷತ್ತುಗಳು ೨೦೧೭ರಲ್ಲಿ ಹೊರಡಿಸಿದ ಗ್ರಂಥವು ನಮಗೆ ಎಲ್ಲಕ್ಕಿಂತ ಉಪಯೋಗವಾಯಿತು. ಹತ್ತು ಸಾವಿರಕ್ಕೆ ಮೇಲ್ಪಟ್ಟ ಲೇಖನಗಳ ಸಾರಾಂಶವನ್ನು ಜಾಲಾಡಿ, ಒಂದೊಂದು ಮಾತಿಗೂ ಆಧಾರವು ನಿರ್ಣಾಯಕವೋ, ಗಣನೀಯವೋ, ಮಧ್ಯಮವೋ, ಅಲ್ಪವೋ, ಸಾಲದೋ ಎಂದು ದರ್ಜೆಯನ್ನು ಹಚ್ಚಿದ್ದಾರೆ. ಮನೋರೋಗದ ಸಂಬಂಧಕ್ಕೂ, ಅಮಲಿನಲ್ಲಿ ವಾಹನ ನಡೆಸುವುದರಿಂದ ಅಪಘಾತ ಹೆಚ್ಚುವುದಕ್ಕೂ, ಬಸುರಿ ಸೇದಿದರೆ ಶಿಶುವಿನ ತೂಕ ಕಡಿಮೆಯಾಗುವುದಕ್ಕೂ ಗಣನೀಯವಾದ ಆಧಾರವಿದೆ. ವಯಸ್ಕರ ಬಹುದಿನದ ನೋವಿಗೆ ಉಪಶಮನವಾಗುವುದಕ್ಕೂ ಅದೇ ದರ್ಜೆ. ಅರ್ಬುದವನ್ನು ವಾಸಿ ಮಾಡುವುದೆಂಬುದಕ್ಕೆ ಆಧಾರ ಸಾಲದು. ನಮ್ಮ ದೇಶದ ಲೆಕ್ಕ ಬೇಕಾದವರು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ೨೦೧೯ರಲ್ಲಿ ಸರಕಾರಕ್ಕೆ ಒಪ್ಪಿಸಿದ ವರದಿಯನ್ನು ನೋಡಬಹುದು. ಹಿಂದಿನ ಹನ್ನೆರಡು ತಿಂಗಳಲ್ಲಿ ಭಂಗಿ, ಗಾಂಜಾ, ಚರಸ್‌ಗಳಲ್ಲಿ ಯಾವುದನ್ನಾದರೂ ಸೇವಿಸಿದವರು ಸುಮಾರು ೩ ಕೋಟಿ ೧೦ ಲಕ್ಷ ಎಂದೂ, ಅವರಲ್ಲಿ ಸುಮಾರು ೭೨ ಲಕ್ಷ ಮಂದಿಗೆ ಸಹಾಯ ಬೇಕಾಗಿದೆಯೆಂದೂ ಅದರಲ್ಲಿ ಅಂದಾಜು ಮಾಡಿದೆ. ಮದ್ಯ ಕುಡಿಯುವವರು ೧೬ ಕೋಟಿ. ಗಂಡಸರ ಕುಡಿತವನ್ನು ಸಹಿಸುವ ಮನೆಯಲ್ಲಿ ಹುಡುಗನ ಗಾಂಜಾ ಒಂದಕ್ಕೇ ಗುಡುಗಿದರೆ ಅವನು ಕೇಳುವನೇ ಎಂದು ಇಲ್ಲಿ ಪ್ರಾಸಂಗಿಕವಾಗಿ ಕೇಳಬೇಕೆನಿಸುತ್ತದೆ.

ಇವೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿ ಬಹು ಸ್ವಲ್ಪ. ಇದು ದುಃಖದ ಸಂಗತಿ. ಓದಲಾರದವರು ಬಾಯಿಯಿಂದಲೇ ಕೇಳಿ ತಿಳಿಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನಗಳ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ವ್ಯವಸ್ಥೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ಹಗಲುರಾತ್ರಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಆ ತಾಯಿಯು ಸ್ವೀಡನ್ನಿನ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಂಡು ಮನೆಗೆ ಹೋದಳು. ಎಂಟು ದಿನಗಳ ಮೇಲೆ ಬಂದ ಅವಳ ಪತ್ರದಲ್ಲಿ ಹೀಗಿತ್ತು: ಮಗನು ಕಾಗದವನ್ನು ಎರಡು ಸಲ ಓದಿ, “ಇದನ್ನು ಬರೆದುಕೊಟ್ಟವರಾರು?” ಎಂದು ಕೇಳಿದನು, ಆಮೇಲೆ, ತನ್ನ ಸೋದರಮಾವನಿಗೆ ಇದ್ದ ಕಾಯಿಲೆ ಯಾವುದೆಂದು ಕೇಳಿದನು. ಆ ಮನೆಯಲ್ಲಿ ಅದುವರೆಗೆ ಯಾರೂ ಆ ಮಾತೆತ್ತಿರಲಿಲ್ಲ. ಮನೆಯಲ್ಲಿ ಅಂಥ ರೋಗವಿದ್ದವರಿಗೆ ಅಪಾಯ ಹೆಚ್ಚೆಂದು ನಾವು ಕಾಗದದ ಕೆಳಗೆ ಒಂದು ಸಾಲು ಸೇರಿಸಿದ್ದೆವು. ತಾಯಿಯು ಇದ್ದದ್ದನ್ನು ಇದ್ದಂತೆ ಹೇಳಿದಳು. ಮುಂದಿನ ವಾರ ಇಬ್ಬರೂ ಕೂಡಿ ವೈದ್ಯರನ್ನು ಕಾಣಲು ಹೋಗುವವರಿದ್ದರು.

ಒಂಬತ್ತನೆಯ ತರಗತಿಯ ಆ ಹುಡುಗಿಯು ಈಗ ಎಲ್ಲಿದ್ದಾಳೋ ನಮಗೆ ತಿಳಿಯದು. ಈ ಸಂಚಿಕೆಯು ಅವಳ ಕೈಗೆ ಸಿಕ್ಕಿದರೆ, ಅವಳು ಕೇಳಿದ ಪ್ರಶ್ನೆಗೆ ನಮ್ಮ ಉತ್ತರವು ಮೇಲೆ ಇದೆ.